ಎರಡು ಸುತ್ತಿಗೆ ಐದು

೧೪-೯-೧೯೫೮, ಭಾನುವಾರ. ಸಂಜೆ

ಇವತ್ತೂ ತಳ್ಳಿದ್ದಾಯಿತು. ಈ ಸಲ ಮೂರನೇ ತಿರುವಿನಲ್ಲಿ. ಹೋದ ವಾರ ನಾಲ್ಕನೆಯದರವರೆಗೆ ಹತ್ತಿತ್ತು. ಅಂದರೆ ಪ್ರಗತಿ ಉಂಟು, ಹಿಮ್ಮುಖವಾಗಿ.

ಕಕ್ಕಿಂಜೆ ದಾಟುವವರೆಗೆ ಮಹಾಸ್ವಾಮಿಗಳು ಕುದುರೆ. ಬೆಳ್ತಂಗಡಿಯ ನೇರ ರಸ್ತೆಯಲ್ಲಿ ಬಸ್ಸನ್ನೇ ಹಿಂದೆ ಹಾಕಿದರು. ಚಾರ್ಮಾಡಿಯ ಏರು ಕಂಡದ್ದೇ ಉಬ್ಬಸ. ಫಸ್ಟ್ ಗೇರ್. ಆಮೇಲೆ ನಡುಕ. ಆಮೇಲೆ ಮೌನವ್ರತ.

ಮಹಾಸ್ವಾಮಿಗಳೆಂದರೆ ಗುರುವಪ್ಪ ಮಾವನ ಪಿಕಪ್. ನಲವತ್ತೊಂದರ ಮಾಡೆಲ್ ಶೆವರ್ಲೆ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದು, ನಾಲ್ಕು ಕೈ ದಾಟಿ, ಬಂಟ್ವಾಳದ ನಮ್ಮ ಅಂಗಳಕ್ಕೆ ಚಿತ್ತೈಸಿದ್ದು. ಡ್ರೈವರ್ ನಾನು. ಕ್ಲೀನರ್ ನಾನು. ತಳ್ಳುವವರ ಸಂಘದ ಅಧ್ಯಕ್ಷನೂ ನಾನೇ.

ಇನ್ನೂರೈವತ್ತು ಹಂಚು ಇಳಿಸಿ, ಗಾಡಿ ತಿರುಗಿಸಿ, ಮತ್ತೆ ಹೇರಿದೆವು. ನಮ್ಮ ಮನೆಯ ಹಳೆಯ ಆಳು ಡೊಂಬಯ್ಯ ಇಳಿಸುವಾಗಲೂ ಎಣಿಸಿದ, ಹೇರುವಾಗಲೂ ಎಣಿಸಿದ. ಲೆಕ್ಕ ಸರಿ ಉಂಟಂತೆ. ಘಾಟಿಯ ನಡುವೆ ಬೆವರು ಸುರಿಸುತ್ತಾ ನಿಂತಿದ್ದ ಎಂಟು ಜನರಲ್ಲಿ ಸಮಾಧಾನವಾದದ್ದು ಅವನೊಬ್ಬನಿಗೆ.

೧೫-೯, ಸೋಮವಾರ

ಚಾವಡಿಯಲ್ಲಿ ತೀರ್ಪು ಪ್ರಕಟವಾಯಿತು. ನ್ಯಾಯಾಧೀಶರು ಮಾವ. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು. ಮುಖ ಎತ್ತಲಿಲ್ಲ.

ಕೊಟ್ಟಿಗೆಹಾರದ ಆಚೆ ಒಂದು ಕಾಫಿ ತೋಟದವರು ಹೊಸ ಗೋದಾಮು ಕಟ್ಟಿಸುತ್ತಿದ್ದಾರೆ. ಹಂಚು ನಮ್ಮದು. ದೀಪಾವಳಿ ಕಳೆದ ಮೇಲೆ ವಾರಕ್ಕೆ ಮೂರು ಟ್ರಿಪ್ ಎಂದು ಮಾವ ಮಾತು ಕೊಟ್ಟಾಗಿದೆ. ಮಾತು ಕೊಡುವಾಗ ಮಹಾಸ್ವಾಮಿಗಳ ಅಭಿಪ್ರಾಯ ಕೇಳಿರಲಿಲ್ಲ.

"ದೀಪಾವಳಿಯ ಒಳಗೆ ಒಂದು ಲೋಡ್ ಕೊಟ್ಟಿಗೆಹಾರ ಮುಟ್ಟಬೇಕು ನಿತ್ಯಾ. ತಳ್ಳದೆ. ಇಲ್ಲದಿದ್ದರೆ ಗಾಡಿಯನ್ನು ಗುಜರಿಗೆ ಹಾಕ್ತೇನೆ, ನಿನ್ನನ್ನು ಬೊಂಬಾಯಿಗೆ ಹಾಕ್ತೇನೆ."

ಬೊಂಬಾಯಿ ಎಂದರೆ ಕೋಟೆ ಪ್ರದೇಶದಲ್ಲಿ ಶೇಷಪ್ಪಣ್ಣನ ಕ್ಯಾಂಟೀನು. ಬೆಳಗ್ಗೆ ನಾಲ್ಕಕ್ಕೆ ಎದ್ದು ಚಾ, ಹಗಲೆಲ್ಲಾ ತಟ್ಟೆ, ಮಲಗುವುದು ಅದೇ ಮೇಜಿನ ಮೇಲೆ. ಊರಿನ ಇಂಟರ್ ಫೇಲುಗಳಿಗೆಲ್ಲ ಅದೇ ಗತಿ. ನಾನು ಗಣಿತದಲ್ಲಿ ಎರಡು ಸಲ ಫೇಲು, ಆದ್ದರಿಂದ ಸೀಟು ಗ್ಯಾರಂಟಿ.

ಇಲ್ಲಿ ಬರೆದಿಡುತ್ತೇನೆ, ಬೇರೆ ಯಾರಿಗೂ ಹೇಳುವುದಿಲ್ಲ — ಆ ಸ್ಟೀರಿಂಗ್ ಹಿಡಿದಾಗ ಮಾತ್ರ ನಾನೂ ಯಾವುದಕ್ಕಾದರೂ ಆದೇನು ಅನಿಸುತ್ತದೆ. ಹೋಗಲಿಕ್ಕೆ ಮನಸ್ಸಿಲ್ಲ.

೧೭-೯, ಬುಧವಾರ

ಬಿ.ಸಿ.ರೋಡಿನಲ್ಲಿ ರುಕ್ಮಯ್ಯ ಮೇಸ್ತ್ರಿಯ ಗ್ಯಾರೇಜು. ನನ್ನ ಸಿದ್ಧಾಂತವನ್ನು ಮಂಡಿಸಿದೆ. ಸಮತಟ್ಟಿನಲ್ಲಿ ಬಸ್ಸನ್ನು ಸೋಲಿಸುವ ಗಾಡಿ ಏರಿನಲ್ಲಿ ಸಾಯುತ್ತದೆ ಎಂದರೆ ಇಂಜಿನ್ ಸತ್ತದ್ದಲ್ಲ. ಹಿಂದಿನ ಆಕ್ಸಲಿನ ಒಳಗೆ ಹಲ್ಲುಚಕ್ರಗಳ ಹಲ್ಲಿನ ಲೆಕ್ಕ ಏರಿಗೆ ಹೇಳಿದ್ದಲ್ಲ. ಮಾರಿದವನು ಲಾರಿ ಆಕ್ಸಲ್ ಎಂದು ಹೇಳಿದ್ದು ಸುಳ್ಳು.

ಮೇಸ್ತ್ರಿ ಬೀಡಿ ಆರಿಸಿದರು. ಅವರ ಪ್ರಕಾರ ಲಾರಿ ಆಕ್ಸಲಾದರೆ ಚಕ್ರದ ಒಂದು ಸುತ್ತಿಗೆ ಇಂಜಿನಿನಿಂದ ಬರುವ ಶಾಫ್ಟು ಐದು ಚಿಲ್ಲರೆ ಸುತ್ತುತ್ತದೆ. ಹಗುರ ಗಾಡಿಯದಾದರೆ ನಾಲ್ಕು ಚಿಲ್ಲರೆ. ಐದರದ್ದು ಆಮೆ, ಆದರೆ ಹತ್ತುತ್ತದೆ. ನಾಲ್ಕರದ್ದು ಓಡುತ್ತದೆ, ಹತ್ತುವುದಿಲ್ಲ.

ಹಾಗಾದರೆ ಆಕ್ಸಲಿನ ಮುಚ್ಚಳ ಬಿಚ್ಚಿ ಹಲ್ಲು ಎಣಿಸುವ ಎಂದೆ.

"ನಿನ್ನ ಮಾತು ಕೇಳಿ ನಾನು ಆ ಮುಚ್ಚಳ ಇನ್ನೊಮ್ಮೆ ಬಿಚ್ಚುವುದುಂಟಾ?" ಎಂದರು.

ಇದಕ್ಕೆ ಇತಿಹಾಸ ಉಂಟು. ಹೋದ ಮೇ ತಿಂಗಳಲ್ಲಿ ಚಕ್ರದ ಟೊಪ್ಪಿಯೊಳಗೆ ನಾನು ಐದು ಬೆಣಚುಕಲ್ಲು ಹಾಕಿದ್ದೆ. ಗಡಗಡ ಸದ್ದು. ಗಂಭೀರ ಮುಖ ಮಾಡಿ ಮೇಸ್ತ್ರಿಯ ಹತ್ತಿರ ತಂದೆ. ಅವರು ಕಿವಿ ಇಟ್ಟು ಆಕ್ಸಲ್ ಎಂದರು. ಎರಡು ದಿನ ಬಿಚ್ಚಿ, ತೊಳೆದು, ಜೋಡಿಸಿದರು. ಮೂರನೇ ದಿನ ಟೊಪ್ಪಿ ಉದುರಿ ಕಲ್ಲುಗಳು ಅವರ ಪಾದದ ಬುಡಕ್ಕೇ ಬಂದು ಬಿದ್ದವು. ಜೋಡುಮಾರ್ಗದ ರಿಕ್ಷಾ ಎಳೆಯುವವರು ಸಹ ನಕ್ಕರು. ಮೇಸ್ತ್ರಿ ನಗಲಿಲ್ಲ.

ಬಿಚ್ಚದೆ ಲೆಕ್ಕ ಹಿಡಿಯುವ ದಾರಿ ಉಂಟಂತೆ. ಜಾಕ್ ಕೊಟ್ಟು, ಸೀಮೆಸುಣ್ಣದ ಗುರುತು ಹಾಕಿ, ಚಕ್ರ ತಿರುಗಿಸಿ ಶಾಫ್ಟ್ ನೋಡುವುದು. ಇಷ್ಟು ಹೇಳಿ ಸುಣ್ಣದ ಕಡ್ಡಿ ಕೈಗೆ ಕೊಟ್ಟು ಕಳಿಸಿದರು. ಬಹಳ ಸಲೀಸಾಗಿ ಕೊಟ್ಟರು. ಆಗಲೇ ಸಂಶಯ ಬರಬೇಕಿತ್ತು.

೧೮-೯, ಗುರುವಾರ. ಸಂಜೆ

ಎಡಚಕ್ರ ಜಾಕಿನ ಮೇಲೆ. ಅಡಿಯಲ್ಲಿ ನಾನು, ಕನ್ನಡಿ ಹಿಡಿದುಕೊಂಡು. ಚಕ್ರಕ್ಕೆ ಒಂದು ಸುತ್ತು ಕೊಟ್ಟೆ.

ಶಾಫ್ಟು ತಿರುಗಿದ್ದು ಎರಡು. ಮೇಲೆ ಒಂದು ಕೂದಲಿನಷ್ಟು.

ಮತ್ತೆ ಮಾಡಿದೆ. ಎರಡು. ಬಲಚಕ್ರಕ್ಕೆ ಜಾಕ್ ಕೊಟ್ಟೆ. ಎರಡು. ಊಟ ಮಾಡಿ ಬಂದು ಮಾಡಿದೆ. ಎರಡು.

ಐದೂ ಅಲ್ಲ, ನಾಲ್ಕೂ ಅಲ್ಲ. ಮೇಸ್ತ್ರಿಗೆ ಹೋಗಿ ಹೇಳಿದೆ. ಎರಡರ ಆಕ್ಸಲ್ ಭೂಮಿಯ ಮೇಲೆ ಯಾವ ಗಾಡಿಗೂ ಇಲ್ಲ ಎಂದರು. ಎರಡು ಚಕ್ರವನ್ನೂ ಎತ್ತಿ ನೋಡು ಎಂದರು. ಅವರ ಮೀಸೆಯ ಮೂಲೆ ಕಂಪಿಸಿದ ಹಾಗಿತ್ತು. ಬೀಡಿಯ ಹೊಗೆ ಇದ್ದೀತು.

೨೦-೯, ಶನಿವಾರ

ಎರಡೂ ಚಕ್ರ ಎತ್ತಿದೆ. ಅಡಿಗೆ ಮರದ ದಿಮ್ಮಿ, ಅಮ್ಮನ ಒನಕೆಯ ಒಂದು ತುಂಡು, ನನ್ನ ಪ್ರಾಣ.

ಎಡಚಕ್ರ ತಿರುಗಿಸಿದೆ. ಬಲಚಕ್ರ ಉಲ್ಟಾ ತಿರುಗಿತು. ಶಾಫ್ಟು ನಿಂತಲ್ಲೇ ನಿಂತಿತು. ಸುಣ್ಣದ ಗುರುತು ಅಲುಗಲಿಲ್ಲ.

ಅಂದರೆ ಸೊನ್ನೆ. ಗುರುವಾರ ಎರಡು, ಶನಿವಾರ ಸೊನ್ನೆ. ದಿನದಿಂದ ದಿನಕ್ಕೆ ಕ್ಷೀಣಿಸುತ್ತಿದೆ. ಇನ್ನು ಮಂಗಳವಾರಕ್ಕೆ ಮಹಾಸ್ವಾಮಿಗಳು ನಮಗೇ ಬಾಕಿ ತಿರುಗಿಸಿ ಕೊಡಬೇಕಾದೀತು.

ಹದಿನೇಳು ಸಲ ತಿರುಗಿಸಿದೆ. ಬಲಚಕ್ರ ಹದಿನೇಳು ಸಲವೂ ಉಲ್ಟಾ. ಅಡಿಯಲ್ಲಿ ಮಲಗಿದ್ದಾಗ ಗೇರ್ ಎಣ್ಣೆ ಹನಿದು ಕಿವಿಯೊಳಗೆ ಹೋಯಿತು. ಅಮ್ಮ ಬಂದು ಬಗ್ಗಿ ನೋಡಿ, ಬೊಂಬಾಯಿಯಲ್ಲಿ ಕನಿಷ್ಠ ಮೇಜಿನ ಮೇಲೆ ಮಲಗಬಹುದು ಎಂದು ಹೇಳಿ ಹೋದರು.

೨೩-೯, ಮಂಗಳವಾರ

ಮೇಸ್ತ್ರಿ ಇವತ್ತು ನಕ್ಕರು. ಬೆಂಚಿನ ಮೇಲೆ ಕುಳಿತು, ತೊಡೆ ತಟ್ಟಿ, ಕೆಮ್ಮು ಬರುವಷ್ಟು. ಐದು ಕಲ್ಲಿಗೆ ಐದು ದಿನ ಎಂದರು. ಲೆಕ್ಕ ಚುಕ್ತಾ.

ಆಮೇಲೆ ವಿವರಿಸಿದರು. ಇದನ್ನು ಬರೆದಿಡಬೇಕು. ಎರಡೂ ಚಕ್ರ ಒಟ್ಟಿಗೆ ಒಂದೇ ಕಡೆಗೆ ತಿರುಗಿದರೆ ಮಾತ್ರ ಅದು ಒಂದು ಸುತ್ತು. ಒಂದು ನೆಲಕಚ್ಚಿ ಕೂತರೆ, ಎತ್ತಿದ ಚಕ್ರ ಅದರ ಪಾಲಿನದ್ದನ್ನೂ ತಾನೇ ಓಡಬೇಕು. ಎರಡೂ ಗಾಳಿಯಲ್ಲಿದ್ದರೆ ಒಂದರ ಸುತ್ತನ್ನು ಇನ್ನೊಂದು ಉಲ್ಟಾ ತಿರುಗಿ ತಿಂದುಹಾಕುತ್ತದೆ, ಶಾಫ್ಟಿಗೆ ಏನೂ ಮುಟ್ಟುವುದಿಲ್ಲ. ತಿರುವಿನಲ್ಲಿ ಒಳಚಕ್ರ ಕಡಿಮೆ, ಹೊರಚಕ್ರ ಜಾಸ್ತಿ ಓಡುವುದೂ ಇದೇ ಏರ್ಪಾಡಿನಿಂದ.

"ಒಂದನ್ನು ಎತ್ತು. ಅದಕ್ಕೆ ಎರಡು ಸುತ್ತು ಕೊಡು. ಆಗ ಶಾಫ್ಟ್ ಎಷ್ಟು ತಿರುಗಿತೋ ಅದೇ ಲೆಕ್ಕ ಮಾರಾಯ. ಇಷ್ಟೇ."

ಇಷ್ಟೇ. ಐದು ದಿನ. ಕಿವಿಯಲ್ಲಿ ಇನ್ನೂ ಎಣ್ಣೆ ಉಂಟು.

ಗುರುವಾರದ ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕು! ನನ್ನ ಸಿದ್ಧಾಂತವೇ ಸರಿ. ಓಡಿಬಂದು ಮಾವನಿಗೆ ಹೇಳಿದೆ. ಮಾವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಬೆಣಚುಕಲ್ಲಿನ ಕಥೆ ಅವರಿಗೂ ಗೊತ್ತು. ನಾಳೆ ನನ್ನ ಎದುರಿಗೆ ಮಾಡು ಎಂದರು. ನೀನು ಚಕ್ರ ತಿರುಗಿಸು, ಎಣಿಸುವುದು ಡೊಂಬಯ್ಯ.

೨೪-೯, ಬುಧವಾರ

ಗ್ಯಾರೇಜಿನಲ್ಲಿ ಮಹಾಸಭೆ. ಮಾವ ಕುರ್ಚಿಯಲ್ಲಿ, ಕೊಡೆ ತೊಡೆಯ ಮೇಲೆ. ಮೇಸ್ತ್ರಿ ಬೇರೆ ಯಾವುದೋ ಗಾಡಿಯ ಹೊಟ್ಟೆಯಲ್ಲಿ ತಲೆ ಹಾಕಿಕೊಂಡು, ಕಿವಿ ಮಾತ್ರ ಈ ಕಡೆ. ಡೊಂಬಯ್ಯ ಗೋಣಿ ಹಾಸಿಕೊಂಡು ಅಡಿಗೆ ತೆವಳಿದ.

ಅವನು ಎಣಿಸುವುದೆಂದರೆ ನಮ್ಮಲ್ಲಿ ಅದು ಕೋರ್ಟಿನ ಡಿಕ್ರಿಯ ಹಾಗೆ. ತೆಂಗಿನಕಾಯಿ, ಭತ್ತದ ಸೇರು, ಹಂಚು, ಯಾವುದೇ ಇರಲಿ. ನಲವತ್ತು ವರ್ಷದಲ್ಲಿ ಒಂದು ಕಾಯಿ ಹೆಚ್ಚುಕಮ್ಮಿ ಆಗಿಲ್ಲವಂತೆ. ಈಗ ದೂರದ್ದು ಸರಿ ಕಾಣುವುದಿಲ್ಲ, ಹೇರುವ ಕೆಲಸಕ್ಕೆ ಬೆನ್ನು ಬಗ್ಗುವುದಿಲ್ಲ. ಕಲ್ಲಡ್ಕದಿಂದ ಲೆಕ್ಕ ಬರೆಯುವ ಒಬ್ಬ ರೈಟರನ್ನು ಇಟ್ಟುಕೊಳ್ಳಿ ಎಂದು ಯಾರೋ ಮಾವನಿಗೆ ಹೇಳಿದ್ದರು. ಡೊಂಬಯ್ಯನ ಲೆಕ್ಕ ತಪ್ಪುವವರೆಗೆ ಅವನೇ ಎಣಿಸಲಿ ಎಂದಿದ್ದರು ಮಾವ.

ಚಕ್ರಕ್ಕೆ ಗಾಳಿ ತುಂಬುವ ವಾಲ್ವನ್ನು ಕೆಳಗೆ ತಂದು, ಅಲ್ಲಿಂದ ಅಲ್ಲಿಗೆ ಸರಿಯಾಗಿ ಎರಡು ಸುತ್ತು ಕೊಟ್ಟೆ. ನಿಧಾನವಾಗಿ, ಆರತಿ ಎತ್ತುವ ಹಾಗೆ. ಅಡಿಯಲ್ಲಿ ಡೊಂಬಯ್ಯ ಬಾಯೊಳಗೇ ಎಣಿಸಿಕೊಳ್ಳುತ್ತಿದ್ದ, ಕೇಳಿಸಲಿಲ್ಲ.

ತೆವಳಿ ಹೊರಗೆ ಬಂದು ಮೈ ಕೊಡವಿ, ಮಾವನ ಕಡೆ ತಿರುಗಿ ಹೇಳಿದ. "ಐದು ಧನಿಗಳೇ. ಮೇಲೆ ಒಂದು ಹೆಬ್ಬೆರಳು."

ಐದು. ಲಾರಿ ಆಕ್ಸಲ್. ಮಾರಿದವನು ಸತ್ಯಸಂಧ.

ನಾನು ಅವತ್ತು ನೋಡಿದ್ದು ಎರಡು ಎಂದೆ, ಹಾಗಾದರೆ ನಾಲ್ಕಾಗಬೇಕು ಎಂದೆ. ನಿನ್ನ ಅವತ್ತಿನದ್ದು ಕನ್ನಡಿಯಲ್ಲಿ ನೋಡಿದ್ದು ಎಂದರು ಮಾವ. ಇನ್ನೊಮ್ಮೆ ಮಾಡುವ ಎಂದೆ. ಡೊಂಬಯ್ಯನ ಲೆಕ್ಕವನ್ನು ಇನ್ನೊಮ್ಮೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹೇಳಿ ಕೊಡೆ ಬಿಡಿಸಿದರು.

ಮೇಸ್ತ್ರಿ ಹೊಟ್ಟೆಯೊಳಗಿಂದಲೇ ಹೇಳಿದರು, ಹಾಗಾದರೆ ಇಂಜಿನಿಗೆ ದಮ್ಮಿಲ್ಲ. ಬಿಚ್ಚಬೇಕು.

೨೫-೯

ಹಾಳಾಗಿ ಹೋಗಲಿ. ಕನ್ನಡಿಯಲ್ಲಿ ನಾನೇ ತಪ್ಪು ಕಂಡಿರಬೇಕು. ಏನೂ ಬರೆಯುವುದಿಲ್ಲ.

೧೬-೧೦, ಗುರುವಾರ

ಮೂರು ವಾರ ಇಂಜಿನ್ ಬಿಚ್ಚಿತ್ತು. ಪಿಸ್ಟನ್ನಿನ ಹೊಸ ರಿಂಗು ಮಂಗಳೂರಿನಿಂದ. ಇಂಜಿನಿನ ವಾಲ್ವು ತಿಕ್ಕಿದ್ದು ನಾನು — ಎರಡು ಅಂಗೈ ನಡುವೆ ಕಡ್ಡಿ ಇಟ್ಟು, ಮಜ್ಜಿಗೆ ಕಡೆದ ಹಾಗೆ, ದಿನಕ್ಕೆ ಆರು ಗಂಟೆ. ಅಂಗೈಯಲ್ಲಿ ಹಸ್ತರೇಖೆ ಅಳಿಸಿಹೋಗಿದೆ. ಇನ್ನು ನನ್ನ ಭವಿಷ್ಯ ಹೇಳಲಿಕ್ಕೆ ಯಾವ ಜ್ಯೋತಿಷಿಗೂ ಆಗಲಿಕ್ಕಿಲ್ಲ.

ಇವತ್ತು ಸ್ಟಾರ್ಟ್ ಆಯಿತು. ಸದ್ದು ಚೆನ್ನಾಗಿ ಉಂಟು. ಮೇಸ್ತ್ರಿ ಕಿವಿ ಇಟ್ಟು ತಲೆದೂಗಿದರು. ಭಾನುವಾರ ಘಾಟಿ.

೧೯-೧೦, ಭಾನುವಾರ

ಮೂರನೇ ತಿರುವು.

ಅದೇ ಜಾಗ. ಅದೇ ಮೋರಿ. ಹೋದ ತಿಂಗಳು ನಾವು ಚಕ್ರಕ್ಕೆ ಅಡ್ಡ ಇಟ್ಟಿದ್ದ ಕಲ್ಲು ಅಲ್ಲೇ ಕಾದು ಕೂತಿತ್ತು. ಅದನ್ನೇ ಮತ್ತೆ ಇಟ್ಟೆವು.

ಹಿಂದೆ ಬಂದ ಬಸ್ಸಿನ ಡ್ರೈವರ್ ಹುಕ್ರಪ್ಪ ಇಳಿದುಬಂದು, ಇಲ್ಲಿ ಒಂದು ಚಾದ ಅಂಗಡಿ ಹಾಕು, ಹೇಗೂ ವಾರ ವಾರ ಬರುತ್ತೀ ಎಂದ. ಬೇರೆ ದಿನವಾದರೆ ಚಾದ ಆರ್ಡರ್ ತೆಗೆದುಕೊಳ್ಳುತ್ತಿದ್ದೆ. ಇವತ್ತು ಬಗ್ಗಿ ಕಲ್ಲನ್ನು ಇನ್ನಷ್ಟು ಒತ್ತಿದೆ. ಅವನಿಗೇ ಬೇಸರವಾಗಿ ಹೆಗಲು ಕೊಟ್ಟು ತಳ್ಳಿದ.

೨೦-೧೦

ಅಮ್ಮ ಅಟ್ಟದಿಂದ ಟ್ರಂಕು ಇಳಿಸಿ ಬಿಸಿಲಿಗೆ ಇಟ್ಟಿದ್ದಾರೆ. ಒಳಗೆ ಜಿರಳೆ ಮೊಟ್ಟೆ. ತೆಗೆಯಬೇಡಿ ಎಂದೆ, ಬೊಂಬಾಯಿಯಲ್ಲಿ ಊರಿನವರು ಅಂತ ಇರಲಿ. ಅಮ್ಮ ನಗಲಿಲ್ಲ.

೨೯-೧೦, ಬುಧವಾರ. ಮಧ್ಯಾಹ್ನ

ಕ್ರಮವಾಗಿ ಬರೆಯುತ್ತೇನೆ.

ಬೆಳಗ್ಗೆ ಅಂಗಳದಲ್ಲಿ ಹಂಚು ಇಳಿಸುತ್ತಿದ್ದರು. ಡೊಂಬಯ್ಯ ಜಗಲಿಯ ಮೇಲೆ ಕೂತಿದ್ದ. ಹೊರುವವರು ಗಂಜಿಗೆ ಹೋದರು. ನನಗೆ ಕೆಲಸವಿಲ್ಲ, ಸಿಟ್ಟು ಮಾತ್ರ ಉಂಟು. ಮಹಾಸ್ವಾಮಿಗಳಿಗೆ ಪ್ರದಕ್ಷಿಣೆ ಹಾಕುತ್ತೇನೆ ಎಂದೆ. ಏಳು. ಕೈಮುಗಿದು, ಕಣ್ಣು ಅರ್ಧ ಮುಚ್ಚಿ. ಇನ್ನಾದರೂ ಪ್ರಸನ್ನರಾಗಲಿ. ಎಣಿಸು ಡೊಂಬಯ್ಯ ಎಂದೆ.

ಹೊರಟೆ. ಬಾನೆಟ್ಟಿನಿಂದ ಹೊರಟು ಬಾನೆಟ್ಟಿಗೆ ಬಂದೆ. ಅವನು "ಎರಡು" ಎಂದ.

ಇನ್ನೊಂದು ಹಾಕಿ ಬಂದೆ. "ಮೂರು" ಎಂದ.

ಎರಡಾಯಿತು ಎಂದೆ. ಮೂರಾಯಿತು ಎಂದ. ನನ್ನ ಕಾಲು, ನನಗೆ ಗೊತ್ತಿಲ್ಲವಾ ಎಂದೆ. ಅವನು ಮಗುವಿಗೆ ಹೇಳುವ ಹಾಗೆ ಹೇಳಿದ. "ನೀವು ಹೊರಟಾಗ ಲಾಭ. ಒಂದು ಸುತ್ತು ಬಂದಾಗ ಎರಡು. ಮತ್ತೆ ಬಂದಾಗ ಮೂರು. ಸರಿ ಉಂಟಲ್ಲ ಸಣ್ಣ ಧನಿ."

ಲಾಭ. ಹುಟ್ಟಿದಂದಿನಿಂದ ಕೇಳುತ್ತಿದ್ದೇನೆ. ಭತ್ತ ಅಳೆಯುವಾಗ ಮೊದಲನೇ ಸೇರಿಗೆ ಒಂದು ಎಂದು ಯಾರೂ ಹೇಳುವುದಿಲ್ಲ. ಲಾಭ, ಎರಡು, ಮೂರು. ಮೊದಲನೇ ಕಾಯಿ ಮುಟ್ಟಿ ಲಾಭ. ಮೊದಲನೇ ಹಂಚು ಮುಟ್ಟಿ ಲಾಭ. ಅದರಲ್ಲಿ ತಪ್ಪಿಲ್ಲ, ಯಾಕೆಂದರೆ ಕೈಯಡಿಯಲ್ಲಿ ಒಂದು ಕಾಯಿ ಉಂಟು, ಒಂದು ಹಂಚು ಉಂಟು. ಆದರೆ ಸುತ್ತು ಎಣಿಸುವಾಗ? ಹೊರಡುವಾಗ ಕೈಯಡಿಯಲ್ಲಿ ಏನೂ ಇಲ್ಲ. ಇನ್ನೂ ತಿರುಗಿಯೇ ಇಲ್ಲ.

ಅವತ್ತು ಅಡಿಯಲ್ಲಿ ಸುಣ್ಣದ ಗುರುತು ನಿಂತಲ್ಲೇ ನಿಂತಿದ್ದಾಗ ಇವನು ಲಾಭ ಅಂದಿರಬೇಕು. ಒಂದು ಸುತ್ತಿಗೆ ಎರಡು. ನಾಲ್ಕು ಸುತ್ತಿಗೆ ಐದು.

ಐದು, ಮೇಲೆ ಒಂದು ಹೆಬ್ಬೆರಳು.

ಉಳಿದ ಐದು ಪ್ರದಕ್ಷಿಣೆ ಹಾಕಿ ಮುಗಿಸಿದೆ. ಅವನಿಗೆ ಸಂಶಯ ಬರಬಾರದಲ್ಲ. ಎಂಟು ಎಂದ. ಒಂದು ಹೆಚ್ಚು ಹಾಕಿದಿರಿ, ದೇವರಿಗೆ ಖುಷಿಯಾದೀತು ಎಂದು ನಕ್ಕ.

೩೦-೧೦, ಗುರುವಾರ

ಬೆಳಗ್ಗೆ ಆರಕ್ಕೇ ಒಬ್ಬನೇ ಜಾಕ್ ಕೊಟ್ಟೆ. ಎರಡು ಸುತ್ತು. ಶಾಫ್ಟು — ಒಂದು, ಎರಡು, ಮೂರು, ನಾಲ್ಕು. ಮೇಲೆ ಹೆಬ್ಬೆರಳು. ಐದು ಸಲ ಮಾಡಿದೆ. ಐದು ಸಲವೂ ನಾಲ್ಕು.

ಮೇಸ್ತ್ರಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನನ್ನ ಮುಖ ನೋಡಿದರು.

"ನಿನ್ನ ಮುಖದಲ್ಲಿ ಇವತ್ತು ನಗು ಇಲ್ಲ" ಎಂದು ಹೇಳಿ ಸ್ಪ್ಯಾನರ್ ತೆಗೆದುಕೊಂಡರು.

ಮುಚ್ಚಳ ಬಿಚ್ಚಿದೆವು. ದೊಡ್ಡ ಹಲ್ಲುಚಕ್ರದ ಒಂದು ಹಲ್ಲಿಗೆ ಸುಣ್ಣ ಹಚ್ಚಿ ಮೇಸ್ತ್ರಿ ಎಣಿಸಿದರು. ಮೂವತ್ತೇಳು. ಸಣ್ಣದಕ್ಕೆ ಒಂಬತ್ತು. ಮೂವತ್ತೇಳನ್ನು ಒಂಬತ್ತರಿಂದ ಭಾಗಿಸಿ ಗೋಡೆಯ ಮೇಲೆ ಬರೆದೆ. ೪.೧೧. ಇಂಟರಿನಲ್ಲಿ ನನಗೆ ಸರಿ ಉತ್ತರ ಬಂದದ್ದು ನೆನಪಿಲ್ಲ.

ಮೇಸ್ತ್ರಿ ಎಣ್ಣೆಯ ಕೈಯಲ್ಲೇ ಹಣೆ ಒತ್ತಿಕೊಂಡರು. ಚೆನ್ನಾಗಿದ್ದ ಇಂಜಿನನ್ನು ಮೂರು ವಾರ ಬಿಚ್ಚಿದ್ದು ಅವರಲ್ಲವಾ. ಆಮೇಲೆ ಕೇಳಿದರು, ಡೊಂಬಯ್ಯನದ್ದನ್ನು ಧನಿಗಳಿಗೆ ಯಾರು ಹೇಳುವುದು?

ಮೊದಲು ಗಾಡಿ ಹತ್ತಲಿ ಎಂದೆ. ಮಾವನಿಗೆ ಸಣ್ಣ ರಿಪೇರಿ ಎಂದಷ್ಟೇ ಹೇಳುವುದೆಂದು ತೀರ್ಮಾನ.

೧-೧೧, ಶನಿವಾರ. ಮೂಡಬಿದ್ರಿ

ಸಿದ್ಧಕಟ್ಟೆಯ ಮೇಲಿಂದ ಬಸ್ಸಿನಲ್ಲಿ ಬಂದೆವು. ಲೋಕನಾಥ ಎಂಬವರ ಗುಜರಿ ಅಂಗಳ. ಮರಕ್ಕೆ ಗುದ್ದಿದ ಒಂದು ಶೆವರ್ಲೆ ಲಾರಿ, ಮುಂದಿನ ಅರ್ಧ ಇಲ್ಲ. ಹಿಂದಿನ ಅರ್ಧ ಸುಖವಾಗಿ ಉಂಟು, ಅದರ ಮೇಲೆ ಕೋಳಿ ಮೊಟ್ಟೆ ಇಟ್ಟಿದೆ.

ಲೋಕನಾಥರು ಐದು ಚಿಲ್ಲರೆ ಎಂದು ಆಣೆ ಹಾಕಿದರು. ನಾವು ಆಣೆ ನಂಬುವ ಸ್ಥಿತಿಯಲ್ಲಿರಲಿಲ್ಲ. ಅಲ್ಲೇ ಮುಚ್ಚಳ ಬಿಚ್ಚಿ ಎಣಿಸಿದೆವು. ಮೊದಲು ಮೇಸ್ತ್ರಿ, ಆಮೇಲೆ ನಾನು, ಆಮೇಲೆ ಲೋಕನಾಥರ ಹೆಂಡತಿ ಪೂವಮ್ಮನವರು, ಯಾಕೆಂದರೆ ಅವರಿಗೆ ಇದರಲ್ಲಿ ಪಕ್ಷವಿಲ್ಲ. ಮೂವರಿಗೂ ಮೂವತ್ತಾರು, ಏಳು. ೫.೧೪.

ಅವರಿಗೆ ಓಡುವ ಆಕ್ಸಲ್ ಬೇಕಿತ್ತಂತೆ, ಯಾರದ್ದೋ ವ್ಯಾನಿಗೆ. ನಮ್ಮದು ಅವರಿಗೆ, ಅವರದ್ದು ನಮಗೆ. ಮದುವೆ ಸಂಬಂಧ ಸಹ ಇಷ್ಟು ಸಲೀಸಾಗಿ ಕುದುರುವುದಿಲ್ಲ.

೬-೧೧, ಗುರುವಾರ

ಸ್ಪ್ರಿಂಗ್ ಕೂರುವ ಜಾಗ ಹೊಂದಲಿಲ್ಲ. ಕಡಿದು ಬೆಸುಗೆ ಹಾಕಿದೆವು. ಶಾಫ್ಟು ಒಂದು ಅಂಗುಲ ಉದ್ದವಾಯಿತು, ಕಡಿದೆವು. ಆಮೇಲೆ ಅರ್ಧ ಅಂಗುಲ ಗಿಡ್ಡವಾಯಿತು. ಮೇಸ್ತ್ರಿ ನನ್ನನ್ನು ಬೈದರು, ನಾನು ಟೇಪನ್ನು ಬೈದೆ. ಬ್ರೇಕಿನ ಪೈಪು ಎರಡು ಸಲ ಸೋರಿತು. ಬೋಲ್ಟೊಂದು ತುಂಡಾಗಿ ಒಳಗೇ ಕೂತಿತು, ಅದನ್ನು ಹೊರಗೆ ತರಲಿಕ್ಕೆ ಒಂದು ಇಡೀ ದಿನ.

ಸಂಜೆ ಓಡಿಸಿದೆ. ಆಮೆ. ಸೈಕಲ್ಲಿನವನೊಬ್ಬ ಪಕ್ಕದಲ್ಲೇ ಬರುತ್ತಾ ಊರಿನ ಸುದ್ದಿ ಎಲ್ಲ ಹೇಳಿದ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

೯-೧೧, ಭಾನುವಾರ. ಮಧ್ಯಾಹ್ನ, ಕೊಟ್ಟಿಗೆಹಾರ

ಹತ್ತಿತು.

ಮೂರನೇ ತಿರುವು, ನಾಲ್ಕನೆಯದು, ಆಮೇಲೆ ನಾನು ಎಣಿಸಲಿಲ್ಲ. ಮುನ್ನೂರು ಹಂಚು. ನನ್ನ ಪಕ್ಕ ಮಾವ. ಹಿಂದೆ ಹಂಚಿನ ಮೇಲೆ ಡೊಂಬಯ್ಯ. ಎಲ್ಲೂ ನಿಲ್ಲಲಿಲ್ಲ. ಮೇಲೆ ಬಂದಾಗ ಮಾವ ಡ್ಯಾಶ್‌ಬೋರ್ಡನ್ನು ಒಮ್ಮೆ ತಟ್ಟಿದರು, ಎತ್ತಿನ ಬೆನ್ನು ತಟ್ಟುವ ಹಾಗೆ. ಆಮೇಲೆ ನನ್ನ ಭುಜ. ಅದನ್ನು ಬರೆದಿಡುತ್ತೇನೆ.

ಅದೇ ದಿನ, ಸಂಜೆ. ಮನೆ

ಮಧ್ಯಾಹ್ನದ್ದು ಬರೆಯುತ್ತಿದ್ದ ಹಾಗೇ ಚಾಕ್ಕೆ ಕರೆದಿದ್ದರು. ಹೊಟೇಲಿನ ಬೆಂಚು. ಮಾವ, ನಾನು, ಸ್ವಲ್ಪ ಆಚೆ ಡೊಂಬಯ್ಯ. ಮಾವ ಬಹಳ ಖುಷಿಯಲ್ಲಿದ್ದರು. ಯಾವ ರಿಪೇರಿ ಮಾಡಿದಿರಿ ಎಂದು ಕೇಳಿದರು. ಆಕ್ಸಲ್ ಬದಲಾಯಿಸಿದ್ದು ಎಂದೆ. ಐದರದ್ದು ಹಾಕಿದೆವು ಎಂದೆ.

ಮೊದಲು ಇದ್ದದ್ದೂ ಐದೇ ಅಲ್ಲವಾ ಎಂದರು.

ನಾಲ್ಕು, ಮಾವ. ಬಿಚ್ಚಿ ಎಣಿಸಿದೆವು.

ಮಾವನ ಗ್ಲಾಸು ಬೆಂಚಿನ ಮೇಲೆ ಕೂತಿತು. "ಡೊಂಬಯ್ಯ ಐದು ಅಂದದ್ದಲ್ಲವಾ."

ಡೊಂಬಯ್ಯನ ಕೈ ಬಾಯಿಯ ಹತ್ತಿರ ನಿಂತಿತ್ತು. ಚಾ ಕುಡಿಯಲೂ ಇಲ್ಲ, ಇಳಿಸಲೂ ಇಲ್ಲ. ನಮ್ಮ ಕಡೆ ನೋಡುತ್ತಿದ್ದ. ದೂರದ್ದು ಅವನಿಗೆ ಸರಿ ಕಾಣುವುದಿಲ್ಲ, ಆದರೂ ನೋಡುತ್ತಿದ್ದ. ಕಲ್ಲಡ್ಕದ ರೈಟರ್ ನನ್ನ ಕಣ್ಣೆದುರು ಬಂದು ಹೋದ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು.

ಬಾಯಿ ತಾನಾಗಿಯೇ ಹೇಳಿತು. "ಅವನದ್ದು ಸರಿಯೇ ಮಾವ. ನಾನು ಚಕ್ರಕ್ಕೆ ಎರಡಲ್ಲ, ಎರಡೂವರೆ ಸುತ್ತು ಕೊಟ್ಟಿದ್ದೆ. ತಮಾಷೆಗೆ."

ಲೆಕ್ಕ ಮಾಡಿ ನೋಡಿದರೆ ಸರಿಯಾಗಿ ಬರುತ್ತದೆ. ಎರಡೂವರೆ ಸುತ್ತಿಗೆ ಐದು ಚಿಲ್ಲರೆ. ಜೀವಮಾನದಲ್ಲಿ ಒಂದು ಗಣಿತ ನಿಂತ ನಿಲುವಿನಲ್ಲಿ ಹೊಳೆದದ್ದು, ಅದೂ ಸುಳ್ಳಿಗೆ.

ಮಾವ ಕೂಗಾಡಲಿಲ್ಲ. ಚಾ ಮುಗಿಸಿದರು. ನನ್ನದೇ ಗಾಡಿ, ನನ್ನದೇ ಸೋದರಳಿಯ ಎಂದು ಯಾರಿಗೋ ಹೇಳುವ ಹಾಗೆ ಹೇಳಿಕೊಂಡರು. ಆ ಮೇಸ್ತ್ರಿಯ ಮೂರು ವಾರ, ತೋಟದವರಿಗೆ ನಾನು ಹೇಳಿದ ನೆಪ, ಎಲ್ಲ ನಿನ್ನ ತಮಾಷೆಗೆ ಎಂದರು. ಮತ್ತೆ ಎದ್ದು ನಿಂತು — "ಗಾಡಿ ಇರಲಿ. ನೀನು ಬೊಂಬಾಯಿಗೆ ಹೋಗು."

ಇಳಿಯುವಾಗ ಸೆಕೆಂಡ್ ಗೇರಿನಲ್ಲೇ ಇಟ್ಟಿದ್ದೆ. ಇಂಜಿನೇ ಹಿಡಿದು ಇಳಿಸಿತು. ಬ್ರೇಕ್ ಮುಟ್ಟಬೇಕಾಗಿಯೇ ಬರಲಿಲ್ಲ. ಒಳ್ಳೆಯ ಆಕ್ಸಲ್.

೧೨-೧೧, ಬುಧವಾರ

ಮೇಸ್ತ್ರಿಗೆ ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಸಿಟ್ಟಿನಿಂದ ಮನೆಯವರೆಗೆ ಬಂದರು. ಧನಿಗಳಿಗೆ ನಾನೇ ಹೇಳ್ತೇನೆ ಎಂದರು. ಹೇಳಿದರೆ ನಿಮ್ಮ ಗ್ಯಾರೇಜಿನ ಎಲ್ಲ ಟೊಪ್ಪಿಯೊಳಗೂ ಬೆಣಚುಕಲ್ಲು ಹಾಕಿ ಹೋಗುತ್ತೇನೆ ಎಂದೆ. ಅವರು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಗಾಡಿಯ ಅಡಿಗೆ ಬಗ್ಗಿ ಸೋರುತ್ತದಾ ನೋಡಿ ಹೋದರು.

ಬಸ್ಸಿಗೆ ಸೋಮವಾರ. ಮಂಗಳೂರಿನಿಂದ ಹಡಗು.

ಶೇಷಪ್ಪಣ್ಣನ ಕ್ಯಾಂಟೀನಿನಲ್ಲಿ ಎಷ್ಟು ತಟ್ಟೆ ಇರಬಹುದು? ಮುಂದಿನ ವಾರ ನನಗೇ ಗೊತ್ತಾಗುತ್ತದೆ. ಗಾಡಿಗೆ ಹೊಸ ಡ್ರೈವರ್ ಇವತ್ತು ಬಂದ. ಚೋಕ್ ಎಳೆಯಲಿಕ್ಕೆ ಸಹ ಬರುವುದಿಲ್ಲ. ಅವನಿಗೆ ತೋರಿಸಿಕೊಟ್ಟೆ. ಮತ್ತೆ ಬಚ್ಚಲಿಗೆ ಹೋಗಿ ಎಷ್ಟೋ ಹೊತ್ತು ಮುಖ ತೊಳೆದೆ.

೧೫-೧೧, ಶನಿವಾರ. ಬೆಳಗ್ಗೆ ಒಂಬತ್ತು

ಟ್ರಂಕು ಕಟ್ಟಿದ್ದಾಯಿತು. ಅಮ್ಮ ಹಪ್ಪಳ ತುಂಬಿಸಿದ್ದಾರೆ, ಬಟ್ಟೆಗೆ ಜಾಗ ಇಲ್ಲ.

ಈಗ ಡೊಂಬಯ್ಯ ಬಂದಿದ್ದ. ಬಾಗಿಲಿನ ಹತ್ತಿರ ನಿಂತ. ಒಳಗೆ ಬಾ ಎಂದೆ, ಬರಲಿಲ್ಲ. ಆರು ದಿನದಿಂದ ಅವನು ನನ್ನ ಹತ್ತಿರ ಮಾತಾಡಿಲ್ಲ. ನನ್ನ ತಮಾಷೆಗೆ ಸಿಟ್ಟು ಎಂದುಕೊಂಡಿದ್ದೆ.

ಎರಡೂವರೆ ಸುತ್ತು ಆಗಿದ್ದರೆ ಚಕ್ರದ ವಾಲ್ವ್ ಮೇಲೆ ನಿಲ್ಲಬೇಕಿತ್ತು, ಅಲ್ಲವಾ ಎಂದು ಕೇಳಿದ. ಅವತ್ತು ಅಡಿಯಿಂದ ತೆವಳಿ ಬರುವಾಗ ಅದು ಅವನ ಕಣ್ಣಿನ ಮಟ್ಟದಲ್ಲೇ ಇತ್ತಂತೆ, ನೆಲದ ಹತ್ತಿರ. ಹತ್ತಿರದ್ದು ನನಗೆ ಚೆನ್ನಾಗಿ ಕಾಣ್ತದೆ ಎಂದ.

ನಾನು ಏನೋ ತಮಾಷೆ ಮಾಡಿದೆ. ಏನೆಂದು ಈಗ ನೆನಪಿಗೆ ಬರುತ್ತಿಲ್ಲ. ಅವನು ಕಾದು ನಿಂತ, ನಾನು ಮುಗಿಸುವವರೆಗೆ.

"ಆರು ದಿನ ಗಾಡಿಗೆ ಸುತ್ತು ಬಂದೆ, ಸಣ್ಣ ಧನಿ. ಯಾರೂ ಇಲ್ಲದಾಗ. ಲಾಭ ಅಂದು ಹೊರಡುವುದು, ಒಂದೊಂದು ಸುತ್ತು ಮುಗಿದಾಗ ನೆಲದಲ್ಲಿ ಕಲ್ಲು ಇಡುವುದು. ಪ್ರತಿ ಸಲವೂ ನನ್ನ ಬಾಯಿಯದ್ದು ಒಂದು ಹೆಚ್ಚು, ಕಲ್ಲು ಒಂದು ಕಮ್ಮಿ. ಈ ಮನೆಯಲ್ಲಿ ನಲವತ್ತು ವರ್ಷ ಎಣಿಸಿದೆ. ನನ್ನ ಲೆಕ್ಕವನ್ನು ಇನ್ನೊಬ್ಬರು ಹೊತ್ತದ್ದಿಲ್ಲ."

ಕೂತುಕೋ, ಸೋಮವಾರ ಕಳೆಯಲಿ, ಆಮೇಲೆ ಮಾತಾಡುವ ಎಂದೆ. ರೈಟರಿನ ವಿಷಯವನ್ನೂ ಹೇಳಿದೆ. ಗೊತ್ತುಂಟು ಎಂದ. ಹೆಗಲಿನ ಬೈರಾಸು ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಮಾವನ ಎದುರಿಗೆ ಹೋಗುವಾಗ ಮಾತ್ರ ಅವನು ಹಾಗೆ ಕಟ್ಟಿಕೊಳ್ಳುವುದು.

ಕಿಟಕಿಯಿಂದ ಕಾಣುತ್ತಿದ್ದಾನೆ. ಅಂಗಳ ದಾಟಿದ. ಚಾವಡಿಯ ಮೆಟ್ಟಲಿನ ಹತ್ತಿರ ನಿಂತಿದ್ದಾನೆ. ಮಾವ ಪೇಪರ್ ಇಳಿಸಿದರು. ಓಡಿಹೋಗಿ ಅಡ್ಡ ನಿಲ್ಲಬೇಕು, ಇದೂ ನನ್ನದೇ ತಮಾಷೆ, ಅವನಿಗೆ ಹೇಳಿಕೊಟ್ಟದ್ದು ನಾನೇ ಎಂದು ಹೇಳಬೇಕು, ಮಾವ ನಂಬಿಯೇ ನಂಬುತ್ತಾರೆ, ನನ್ನ ಬಗ್ಗೆ ಏನು ಹೇಳಿದರೂ ನಂಬುತ್ತಾರೆ... ಪೆನ್ನು ಕೆಳಗಿಡದೆ ಇಲ್ಲೇ ಬರೆಯುತ್ತಾ ಕೂತಿದ್ದೇನೆ. ಬೊಂಬಾಯಿಗೆ ಹೋಗಲಿಕ್ಕೆ ಮನಸ್ಸಿಲ್ಲ ಎಂದು ಸೆಪ್ಟೆಂಬರಿನಲ್ಲಿ ಬರೆದದ್ದು ನಾನೇ ತಾನೆ.

ಡೊಂಬಯ್ಯ ಹೇಳಿ ಮುಗಿಸಿದ ಹಾಗಿದೆ. ಮಾವ ಎದ್ದು ನಿಂತರು. ಈ ಕಿಟಕಿಯ ಕಡೆ ನೋಡುತ್ತಿದ್ದಾರೆ. ನನ್ನ ಹೆಸರು ಕರೆ—